ಒಬ್ಬರೇ ದೂರದ ಊರಿಗೆ ಬಾಡಿಗೆ ಕಾರಿನಲ್ಲಿ ಹೋಗುವಾಗ



ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹಲ್ಲು ನೋಡುತ್ತೇವೆ, ಗೊರಸು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಮಾರುವವನು ಎಷ್ಟೇ ಅವಸರ ಮಾಡಿದರೂ ನಮ್ಮ ಮನಸ್ಸು ಒಪ್ಪುವವರೆಗೆ ವಲ್ಲಿಯ ಕೆಳಗೆ ಕೈ ಕೊಡುವುದಿಲ್ಲ. ಇಷ್ಟು ಎಚ್ಚರವುಳ್ಳ ನಾವೇ ರಾತ್ರಿ ಹತ್ತು ಗಂಟೆಗೆ ಹರಿಹರದ ಬೈಪಾಸಿನಲ್ಲಿ ನಿಂತು, ಮುಂದೆ ಬಂದು ನಿಂತ ಕಾರಿನ ಬಾಗಿಲು ತೆರೆದು, "ಬೆಂಗಳೂರಾ?" ಎಂದು ಕೇಳಿ, "ಹೌದು, ಬರ್ರಿ" ಎಂದ ಕೂಡಲೆ ಒಳಗೆ ಕುಳಿತುಬಿಡುತ್ತೇವೆ. ಗಾಡಿ ಯಾರದು, ನಡೆಸುವವನು ಯಾರು, ಅದರ ನಂಬರ್ ಏನು, ಒಂದನ್ನೂ ನೋಡುವುದಿಲ್ಲ. ಎತ್ತಿನ ವ್ಯಾಪಾರದಲ್ಲಿ ಮೋಸವಾದರೆ ಹೋಗುವುದು ಹಣ. ಇಲ್ಲಿ ಒತ್ತೆ ಇಟ್ಟಿರುವುದು ನಮ್ಮ ಜೀವವನ್ನೇ.

ಈಗ ಕೈಯಲ್ಲಿರುವ ಫೋನಿನಿಂದಲೇ ಬಾಡಿಗೆ ಕಾರು ಕರೆಸುವ ಅನುಕೂಲ ಬಂದಿದೆ. ಓಲಾ, ಊಬರ್ ಮೊದಲಾದ ಆ್ಯಪ್‌ಗಳ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ಬೆಂಗಳೂರಿನಲ್ಲಿ ಓದುವ ಮಗಳು ಹಬ್ಬಕ್ಕೆ ಊರಿಗೆ ಬರುವುದು, ವಯಸ್ಸಾದ ತಂದೆ ಕಿದ್ವಾಯಿ ಆಸ್ಪತ್ರೆಗೋ ನಿಮ್ಹಾನ್ಸಿಗೋ ತೋರಿಸಿಕೊಳ್ಳಲು ಹೋಗುವುದು, ಹುಬ್ಬಳ್ಳಿಯ ಬೀಗರ ಮನೆಯಿಂದ ಅಕಾಲದಲ್ಲಿ ಕರೆ ಬರುವುದು ಇವೆಲ್ಲ ಬಸ್ಸಿನ ವೇಳೆಗೆ ಕಾಯುವ ಕೆಲಸಗಳಲ್ಲ. ಆದುದರಿಂದ ಇಂಥ ಗಾಡಿಗಳಲ್ಲಿ ಒಬ್ಬರೇ ಹೋಗುವವರು ಏನೇನು ನೋಡಿಕೊಳ್ಳಬೇಕೆಂಬುದನ್ನು ಇಲ್ಲಿ ತಿಳಿಸಲಾಗಿದೆ.

ಮೊದಲೇ ಒಂದು ಮಾತು. ದಾವಣಗೆರೆಯಿಂದ ಬೆಂಗಳೂರಿಗೆ ರಸ್ತೆಯ ಮೇಲೆ ಸುಮಾರು 260 ಕಿಲೋಮೀಟರು. ಬಸ್ಸೂ ಉಂಟು, ರೈಲೂ ಉಂಟು. ಹರಿಹರ, ದಾವಣಗೆರೆ ಎರಡೂ ಬೆಂಗಳೂರು-ಹುಬ್ಬಳ್ಳಿ ರೈಲು ದಾರಿಯಲ್ಲಿಯೇ ಇವೆ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸುಗಳ ಪ್ರಯಾಣ ಉಚಿತವಾಗಿದೆ. ವೇಳೆ ಹೊಂದಿದರೆ ಒಬ್ಬರೇ ಹೋಗುವವರಿಗೆ, ಅದರಲ್ಲಿಯೂ ರಾತ್ರಿ ಹೋಗುವವರಿಗೆ, ನಲವತ್ತು ಜನರಿರುವ ಬಸ್ಸೇ ಮೇಲು ಎಂಬುದು ಈ ಲೇಖಕನ ಅಭಿಪ್ರಾಯ. ಕಾರು ಅನಿವಾರ್ಯವಾದಾಗ ಮುಂದಿನ ವಿಷಯಗಳನ್ನು ಗಮನಿಸಿ.

ಗಾಡಿಗಳಲ್ಲಿ ಮೂರು ಬಗೆ

ಒಂದನೆಯದು, ಆ್ಯಪ್ ಮೂಲಕ ಇಡೀ ಕಾರನ್ನೇ ಬಾಡಿಗೆಗೆ ಕರೆಸುವುದು. ಬೇರೆ ಊರಿಗೆ ಹೋಗುವ ಬಾಡಿಗೆಗೆ 'ಔಟ್‌ಸ್ಟೇಷನ್' ಎಂದು ಹೇಳುತ್ತಾರೆ. ಇದರಲ್ಲಿ ಚಾಲಕನ ಹೆಸರು, ಭಾವಚಿತ್ರ, ಗಾಡಿಯ ನಂಬರ್ ಎಲ್ಲವೂ ಮೊದಲೇ ನಿಮ್ಮ ಫೋನಿಗೆ ಬರುತ್ತವೆ. ನಿಮ್ಮ ಹಳ್ಳಿಯಲ್ಲಿ ಗಾಡಿ ತೋರಿಸದಿದ್ದರೆ ಪಟ್ಟಣಕ್ಕೆ ಬಂದು ಅಲ್ಲಿಂದ ಪ್ರಯತ್ನಿಸಬೇಕಾಗುತ್ತದೆ.

ಎರಡನೆಯದು ಸೀಟು ಹಂಚಿಕೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ತನ್ನ ಸ್ವಂತ ಕೆಲಸಕ್ಕೆ ಹೊರಟವನು, ಖಾಲಿ ಇರುವ ಸೀಟುಗಳಿಗೆ ಜನರನ್ನು ಹತ್ತಿಸಿಕೊಂಡು ಪೆಟ್ರೋಲಿನ ಖರ್ಚನ್ನು ಹಂಚಿಕೊಳ್ಳುತ್ತಾನೆ. ಫ್ರಾನ್ಸ್ ದೇಶದಲ್ಲಿ 2006ರಲ್ಲಿ ಆರಂಭವಾಗಿ 2015ರಲ್ಲಿ ನಮ್ಮ ದೇಶಕ್ಕೆ ಬಂದ ಬ್ಲಾಬ್ಲಾಕಾರ್ ಈ ಬಗೆಯದು. ನಮ್ಮ ದಾವಣಗೆರೆ, ಹರಿಹರ ಹೆದ್ದಾರಿಯ ಮೇಲೆಯೇ ಇರುವುದರಿಂದ ಇಂಥ ಗಾಡಿಗಳು ಬೈಪಾಸಿನಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳುವುದುಂಟು.

ಮೂರನೆಯದೇ ಮೇಲೆ ಹೇಳಿದ ದಾರಿಬದಿಯ ಗಾಡಿ. ಆ್ಯಪ್ ಇಲ್ಲ, ಹೆಸರಿಲ್ಲ, ನಂಬರ್ ಯಾರಿಗೂ ಗೊತ್ತಿಲ್ಲ. ಒಬ್ಬರೇ ಇರುವಾಗ ಇದನ್ನು ಹತ್ತಬೇಡಿ. ಬಾಡಿಗೆ ಅರ್ಧ ಎಂದರೂ ಬೇಡ.

ಫಲಕದ ಬಣ್ಣ ಹೇಳುವ ಸಂಗತಿ

ಗಾಡಿಯ ನಂಬರ್ ಪ್ಲೇಟಿನ ಬಣ್ಣಕ್ಕೆ ಅರ್ಥವುಂಟು. ಹಳದಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಬಾಡಿಗೆಗೆ ಓಡಿಸಲೆಂದೇ ನೋಂದಾಯಿಸಿದ ಗಾಡಿ. ಬಿಳಿ ಫಲಕದ ಮೇಲೆ ಕಪ್ಪು ಅಕ್ಷರವಿದ್ದರೆ ಖಾಸಗಿ ಗಾಡಿ. ವಿದ್ಯುತ್ತಿನಿಂದ ಓಡುವ ಗಾಡಿಗಳಿಗೆ ಹಸಿರು ಫಲಕ. ಅದರಲ್ಲಿ ಹಳದಿ ಅಕ್ಷರವಿದ್ದರೆ ಬಾಡಿಗೆಯದು, ಬಿಳಿ ಅಕ್ಷರವಿದ್ದರೆ ಖಾಸಗಿಯದು. ಕೆಎ 17 ಎಂದಿದ್ದರೆ ನಮ್ಮ ದಾವಣಗೆರೆಯಲ್ಲಿ ನೋಂದಣಿಯಾದುದು.

ಬಣ್ಣದಿಂದ ಏನಾಗಬೇಕು ಎಂದು ಕೇಳಬಹುದು. ಖಾಸಗಿ ಕಾರಿನ ವಿಮೆಯು ಸಾಮಾನ್ಯವಾಗಿ ಬಾಡಿಗೆ ಪ್ರಯಾಣಕ್ಕೆ ಅನ್ವಯಿಸುವುದಿಲ್ಲ. ಹಣ ಕೊಟ್ಟು ಬಿಳಿ ಫಲಕದ ಗಾಡಿಯಲ್ಲಿ ಕುಳಿತು, ದಾರಿಯಲ್ಲಿ ಅಪಘಾತವಾದರೆ, ಪರಿಹಾರಕ್ಕೆ ತಕರಾರು ತೆಗೆಯಲು ವಿಮಾ ಕಂಪನಿಗೆ ದಾರಿಯಾಗುತ್ತದೆ. ಖಾಸಗಿ ಗಾಡಿಯನ್ನು ಪರವಾನಗಿಯಿಲ್ಲದೆ ಬಾಡಿಗೆಗೆ ಓಡಿಸುವುದು ಮೋಟಾರು ವಾಹನ ಕಾಯ್ದೆಯ ಪ್ರಕಾರವೂ ತಪ್ಪು. ಖರ್ಚು ಹಂಚಿಕೊಳ್ಳುವುದು ಬೇರೆ, ಬಾಡಿಗೆ ಹೊಡೆಯುವುದು ಬೇರೆ ಎಂಬುದು ಸೀಟು ಹಂಚುವವರ ವಾದ. ಹಳದಿ ಫಲಕದ ಚಾಲಕರು ಇದನ್ನು ಒಪ್ಪುವುದಿಲ್ಲ. ಸೀಟು ಹಂಚಿಕೆಯ ಗಾಡಿಯಲ್ಲಿ ಹೋಗಲೇಬೇಕಾದರೆ, ಗುರುತಿನ ಚೀಟಿ ಪರಿಶೀಲನೆಯಾಗಿರುವ, ಹಿಂದೆ ಹಲವು ಸಲ ಜನರನ್ನು ಕರೆದೊಯ್ದು ಒಳ್ಳೆಯ ಅಭಿಪ್ರಾಯ ಪಡೆದಿರುವ ಚಾಲಕನನ್ನೇ ಆರಿಸಿ. ಈ ವಿವರ ಆ್ಯಪ್‌ನಲ್ಲಿಯೇ ಇರುತ್ತದೆ. ಹೊಸಬನಾದರೆ ಬಿಟ್ಟುಬಿಡಿ.

ಸರ್ಕಾರದ ಎಂ-ಪರಿವಾಹನ್ ಎಂಬ ಆ್ಯಪ್‌ನಲ್ಲಿ ಗಾಡಿಯ ನಂಬರ್ ಹಾಕಿದರೆ ಅದು ಯಾವ ವರ್ಗದ ಗಾಡಿ, ವಿಮೆ ಯಾವ ದಿನದವರೆಗೆ ಇದೆ, ಅರ್ಹತಾ ಪತ್ರ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಶಾಲೆಗೆ ಹೋಗುವ ಹುಡುಗರೂ ಇದನ್ನು ಎರಡು ನಿಮಿಷದಲ್ಲಿ ನೋಡಿ ಹೇಳಬಲ್ಲರು.

ಹತ್ತುವ ಮೊದಲು

ಕಾರು ಬಂದು ನಿಂತಾಗ ಮೊದಲು ಹಿಂದೆ ಹೋಗಿ ನಂಬರ್ ಓದಿ. ಫೋನಿನಲ್ಲಿ ಬಂದ ನಂಬರಿನ ಪ್ರತಿಯೊಂದು ಅಂಕಿಯೂ ಹೊಂದಬೇಕು. ಬಳಿಕ ಚಾಲಕನ ಮುಖವನ್ನು ಚಿತ್ರದೊಡನೆ ಹೋಲಿಸಿ. "ನಿಮ್ಮ ಹೆಸರು ಇಂಥದ್ದಲ್ಲವೇ?" ಎಂದು ಕೇಳಬೇಡಿ, ಕೇಳಿದರೆ ಯಾರಾದರೂ ಹೌದೆನ್ನುತ್ತಾರೆ. "ಯಾರ ಹೆಸರಿನಲ್ಲಿ ಬುಕ್ ಆಗಿದೆಯಪ್ಪ?" ಎಂದು ಕೇಳಿ, ಅವನೇ ನಿಮ್ಮ ಹೆಸರು ಹೇಳಲಿ. "ಆ ಗಾಡಿ ಕೆಟ್ಟಿದೆ, ತಮ್ಮನ ಗಾಡಿ ತಂದಿದ್ದೇನೆ" ಎಂದರೆ ಹತ್ತಬಾರದು. ಅವನ ಮಾತು ನಿಜವೇ ಇರಬಹುದು. ಆದರೂ ದಾಖಲೆಯಲ್ಲಿರುವ ಗಾಡಿ ಇದಲ್ಲ.

ಪ್ರಯಾಣ ಆರಂಭಿಸಲು ಆ್ಯಪ್ ಒಂದು ಸಣ್ಣ ಗುಪ್ತ ಸಂಖ್ಯೆ ಕೊಡುತ್ತದೆ. ಇದನ್ನು ಓ.ಟಿ.ಪಿ. ಎನ್ನುತ್ತಾರೆ. ನಂಬರ್ ಮತ್ತು ಮುಖ ಹೊಂದಿದ ಮೇಲೆ ಮಾತ್ರ ಇದನ್ನು ಚಾಲಕನಿಗೆ ಹೇಳತಕ್ಕದ್ದು. ಬ್ಯಾಂಕಿನ ಓ.ಟಿ.ಪಿ. ಬೇರೆ, ಇದು ಬೇರೆ. ಬ್ಯಾಂಕಿನದನ್ನು ಯಾರಿಗೂ ಹೇಳಕೂಡದು.

ಒಳಗೆ ಕುಳಿತ ಕೂಡಲೆ ಹಿಂದಿನ ಬಾಗಿಲನ್ನು ಒಳಗಿನಿಂದ ಒಮ್ಮೆ ತೆರೆದು ನೋಡಿ. ಮಕ್ಕಳು ತೆರೆಯದಂತೆ ಇಟ್ಟಿರುವ ಬೀಗ ಹಾಕಿದ್ದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ತೆಗೆಸಿ. ಬಾಡಿಗೆಯ ವಿಷಯವನ್ನೂ ಆಗಲೇ ಮಾತಾಡಿ. ಟೋಲ್ ಸೇರಿದೆಯೇ, ರಾತ್ರಿಯ ಭತ್ಯೆ, ಚಾಲಕನ ಬಾಟಾ ಸೇರಿದೆಯೇ, ಹೋಗಿ ಬರುವ ಬಾಡಿಗೆಯಾದರೆ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರು ಲೆಕ್ಕ ಹಾಕುತ್ತಾರೆ ಎಂಬುದನ್ನು ಕೇಳಿಕೊಂಡರೆ ಇಳಿಯುವಾಗ ಜಗಳವಿರುವುದಿಲ್ಲ.

"ಕ್ಯಾನ್ಸಲ್ ಮಾಡ್ರಿ" ಎಂದಾಗ

ಈಗ ಬಹು ಮುಖ್ಯವಾದ ವಿಷಯಕ್ಕೆ ಬರೋಣ. ಹತ್ತಿ ಕುಳಿತ ಐದು ನಿಮಿಷಕ್ಕೆ, ಕೆಲವು ಸಲ ಫೋನಿನಲ್ಲಿಯೇ, ಚಾಲಕ ಹೀಗೆ ಹೇಳುವುದುಂಟು:

"ಯಜಮಾನ್ರೆ, ಆ್ಯಪ್‌ನೋರಿಗೆ ಯಾಕೆ ಸುಮ್ನೆ ಕಮಿಷನ್ ಕೊಡೋದು? ಕ್ಯಾನ್ಸಲ್ ಮಾಡ್ರಿ. ಐನೂರು ಕಡಿಮೆಗೆ ನಾನೇ ಬಿಡ್ತೀನಿ."

ಐನೂರು ರೂಪಾಯಿ ಉಳಿಯುತ್ತದಲ್ಲ ಎಂದು ನಮ್ಮ ಕೈ ಫೋನಿನ ಕಡೆಗೆ ಹೋಗುತ್ತದೆ. ಚಾಲಕನೂ ಕೆಟ್ಟವನೇ ಆಗಿರಬೇಕೆಂದಿಲ್ಲ. ಅವನ ಕಷ್ಟ ಅವನಿಗೆ. ನಮ್ಮ ಹಾಗೆಯೇ ಸಾಲ ಮಾಡಿ ಗಾಡಿ ಕೊಂಡ ರೈತರ ಮಗನೇ ಇರಬಹುದು. ಆದರೆ ಕ್ಯಾನ್ಸಲ್ ಒತ್ತಿದ ಕ್ಷಣದಲ್ಲಿ ಏನಾಗುತ್ತದೆಂಬುದನ್ನು ಯೋಚಿಸಿ. ನೀವು ಆ ಗಾಡಿಯಲ್ಲಿ ಇದ್ದೀರೆಂಬ ದಾಖಲೆ ಅಲ್ಲಿಗೆ ಮುಗಿಯಿತು. ಗಾಡಿ ಎಲ್ಲಿ ಓಡುತ್ತಿದೆಯೆಂದು ಮನೆಯವರು ನೋಡುತ್ತಿದ್ದ ನಕ್ಷೆ ನಿಂತಿತು. ಆ್ಯಪ್‌ನ ತುರ್ತು ಗುಂಡಿ ನಿಂತಿತು. ನಡುದಾರಿಯಲ್ಲಿ ಹೆಚ್ಚು ಹಣ ಕೇಳಿದರೆ ದೂರು ಕೊಡಲು ಜಾಗವಿಲ್ಲ. ಸಾಮಾನು ಮರೆತರೆ ಕೇಳಲು ಜಾಗವಿಲ್ಲ. ಹೆಸರು, ನಂಬರ್, ಮುಖ ಎಲ್ಲ ನೋಡಿ ಹತ್ತಿದ ಗಾಡಿ ಒಂದು ಬೆರಳಿನ ಒತ್ತಿನಿಂದ ಬೈಪಾಸಿನ ದಾರಿಬದಿಯ ಗಾಡಿಯಾಯಿತು.

ಇದಕ್ಕೆ ವಾದ ಮಾಡಬೇಕಾಗಿಲ್ಲ. "ಇಲ್ಲಪ್ಪ, ಮಗ ಬುಕ್ ಮಾಡ್ಯಾನೆ, ಅವನ ಫೋನಿನಾಗೆ ಎಲ್ಲಾ ಕಾಣ್ತದೆ. ಹಾಂಗೇ ಹೋಗೋಣ" ಎಂದು ಸಮಾಧಾನವಾಗಿ ಹೇಳಿದರೆ ಸಾಕು. ಆಗಲೂ ಒತ್ತಾಯಿಸಿದರೆ, ಊರು ದಾಟುವ ಮೊದಲು ಜನರಿರುವ ಕಡೆ ಇಳಿದುಬಿಡಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಇಳಿದರೆ ಬೇರೆ ಗಾಡಿ ಸಿಗುತ್ತದೆ. ಭರಮಸಾಗರ ದಾಟಿದ ಮೇಲೆ ಕತ್ತಲಲ್ಲಿ ಇಳಿದರೆ ಸಿಗುವುದಿಲ್ಲ.

ದಾಖಲೆಯಿದ್ದರೆ ಕೇಡೇ ಆಗುವುದಿಲ್ಲವೆಂದಲ್ಲ. 2014ರ ಡಿಸೆಂಬರ್ 5ರ ರಾತ್ರಿ ದೆಹಲಿಯಲ್ಲಿ ಊಬರ್ ಮೂಲಕ ಕರೆಸಿದ ಕಾರಿನಲ್ಲಿ ಒಬ್ಬಳೇ ಮನೆಗೆ ಹೊರಟಿದ್ದ ಯುವತಿಯ ಮೇಲೆ ಚಾಲಕನೇ ಅತ್ಯಾಚಾರ ಎಸಗಿದ. ಅವನ ಮೇಲೆ ಹಿಂದೆಯೂ ಪ್ರಕರಣಗಳಿದ್ದುವೆಂದು ಆಮೇಲೆ ಹೊರಬಂದಿತು. ಕಂಪನಿ ಅದನ್ನು ಸರಿಯಾಗಿ ವಿಚಾರಿಸಿರಲಿಲ್ಲ. ಅಂಥ ಸಂಕಟದಲ್ಲಿಯೂ ಆಕೆ ಗಾಡಿಯ ನಂಬರ್ ಪ್ಲೇಟಿನ ಚಿತ್ರ ತೆಗೆದಿದ್ದಳು. ಎರಡು ದಿನದೊಳಗೆ ಅವನು ಸಿಕ್ಕಿಬಿದ್ದ. 2015ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ್ಯಪ್‌ನಲ್ಲಿ ತುರ್ತು ಗುಂಡಿ ಬಂದುದೂ ಆ ಘಟನೆಯ ನಂತರ, ಅದೇ 2015ರಲ್ಲಿ. ಆ್ಯಪ್‌ನವರು ಚಾಲಕನನ್ನು ನೋಡಿಯೇ ಇಟ್ಟುಕೊಂಡಿರುತ್ತಾರೆಂದು ನಂಬಿ ನಾವು ನೋಡದೆ ಇರುವುದು ಸರಿಯಲ್ಲ.

ಮನೆಯಲ್ಲಿ ಒಬ್ಬರು ಎಚ್ಚರವಾಗಿರಲಿ

ಆ್ಯಪ್‌ನಲ್ಲಿ 'ಶೇರ್' ಎಂಬ ಗುಂಡಿ ಒತ್ತಿದರೆ ಗಾಡಿ ಓಡುತ್ತಿರುವ ದಾರಿಯನ್ನು ಮನೆಯವರು ತಮ್ಮ ಫೋನಿನಲ್ಲಿ ನೋಡುತ್ತಿರಬಹುದು. ವಾಟ್ಸ್‌ಆ್ಯಪ್‌ನಲ್ಲಿಯೂ ನಾವಿರುವ ಸ್ಥಳವನ್ನು ಎಂಟು ಗಂಟೆಯವರೆಗೆ ತೋರಿಸುವ ಸೌಕರ್ಯವಿದೆ; ಬೆಂಗಳೂರಿನ ದಾರಿಗೆ ಇದು ಧಾರಾಳವಾಯಿತು.

ಕೀಪ್ಯಾಡ್ ಫೋನು ಇಟ್ಟುಕೊಂಡಿರುವ ಹಿರಿಯರು ಇದರಿಂದ ಹಿಂಜರಿಯಬೇಕಾಗಿಲ್ಲ. ಮಗನೋ ಮೊಮ್ಮಗಳೋ ತಮ್ಮ ಫೋನಿನಿಂದ ಅವರಿಗಾಗಿ ಗಾಡಿ ಕರೆಸಬಹುದು. ಹಾಗೆ ಮಾಡಿದಾಗ ಕರೆಸಿದವರಿಗೆ ಗಾಡಿ ಎಲ್ಲಿದೆಯೆಂಬುದು ತಾನಾಗಿಯೇ ಕಾಣುತ್ತಿರುತ್ತದೆ. ಒಂದರ್ಥದಲ್ಲಿ ಇದೇ ಹೆಚ್ಚು ಭದ್ರ. ಗಾಡಿಯ ನಂಬರ್, ಚಾಲಕನ ಹೆಸರು, ಗುಪ್ತ ಸಂಖ್ಯೆ, ಮನೆಯ ಎರಡು ಫೋನ್ ನಂಬರ್ ಇಷ್ಟನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಳ್ಳಿ. ಹತ್ತಿದ ಮೇಲೆ ಚಾಲಕನಿಗೆ ಕೇಳಿಸುವಂತೆ ಮನೆಗೆ ಒಂದು ಕರೆ ಮಾಡಿ, "ಗಾಡಿ ಹತ್ತಿದೆ, ನಂಬರ್ ಇಂಥದ್ದು, ಎಂಟು ಗಂಟೆಗೆ ಚಿತ್ರದುರ್ಗದ ಹತ್ತಿರ ಮತ್ತೆ ಫೋನ್ ಮಾಡ್ತೀನಿ" ಎಂದು ಹೇಳಿ. ಹೇಳಿದ ಹೊತ್ತಿಗೆ ಮರೆಯದೆ ಮಾಡಿ.

ಗಾಡಿ ಸರಿಯಾದ ದಾರಿಯಲ್ಲಿದೆಯೇ ಎಂದು ತಿಳಿಯಲು ನಕ್ಷೆ ಓದಲು ಬರಲೇಬೇಕೆಂದಿಲ್ಲ. ಊರುಗಳ ಸಾಲು ನೆನಪಿದ್ದರೆ ಸಾಕು. ದಾವಣಗೆರೆ ಬಿಟ್ಟರೆ ಆನಗೋಡು, ಹೆಬ್ಬಾಳು ಟೋಲ್, ಭರಮಸಾಗರ, ಚಿತ್ರದುರ್ಗ. ಆಮೇಲೆ ಹಿರಿಯೂರು, ಶಿರಾ, ತುಮಕೂರು, ನೆಲಮಂಗಲ. ಹುಬ್ಬಳ್ಳಿಯ ಕಡೆಗಾದರೆ ಹರಿಹರ, ರಾಣೆಬೆನ್ನೂರು, ಹಾವೇರಿ, ಬಂಕಾಪುರ, ಶಿಗ್ಗಾವಿ. ಫಲಕದಲ್ಲಿ ಬೇರೆ ಊರಿನ ಹೆಸರು ಕಂಡರೆ, ಗಾಡಿ ಹೆದ್ದಾರಿಯಿಂದ ಇಳಿದು ಸಣ್ಣ ದಾರಿ ಹಿಡಿದರೆ, "ಯಾಕಪ್ಪ ಈ ಕಡೆ?" ಎಂದು ಕೂಡಲೇ ಕೇಳಬೇಕು. ಗ್ಯಾಸು ತುಂಬಿಸಲು ಇಳಿದಿರಬಹುದು. ಉತ್ತರ ಸರಿಕಾಣದಿದ್ದರೆ ಮನೆಗೆ ಫೋನು ಮಾಡಿ.

ಹೆದ್ದಾರಿಯ ಪಕ್ಕದಲ್ಲಿ ಹಳದಿ ತಲೆಯ ಬಿಳಿ ಕಲ್ಲುಗಳಿರುತ್ತವೆ. ಅದರ ಮೇಲಿನ ಕಿಲೋಮೀಟರ್ ಸಂಖ್ಯೆಯನ್ನು ಆಗಾಗ್ಗೆ ಓದಿಕೊಳ್ಳಿ. ಸಹಾಯಕ್ಕೆ ಕರೆದಾಗ "ಎಲ್ಲಿದ್ದೀರಿ?" ಎಂಬುದೇ ಮೊದಲ ಪ್ರಶ್ನೆ. ಕಲ್ಲಿನ ಸಂಖ್ಯೆ ಹೇಳಿದರೆ ಹುಡುಕುವ ಕೆಲಸ ಹಗುರಾಗುತ್ತದೆ.

ಕಳ್ಳನಿಗಿಂತ ದೊಡ್ಡ ಅಪಾಯ

ಒಬ್ಬರೇ ಹೋಗುವಾಗ ನಮ್ಮ ಭಯವೆಲ್ಲ ಕಳ್ಳಕಾಕರದು. ನಿದ್ದೆಯ ಭಯ ಯಾರಿಗೂ ಇಲ್ಲ. ಹಗಲೆಲ್ಲ ಊರೊಳಗೆ ಓಡಿಸಿ ಬಳಲಿದ ಚಾಲಕ ರಾತ್ರಿ 260 ಕಿಲೋಮೀಟರಿನ ಬಾಡಿಗೆ ಒಪ್ಪಿಕೊಂಡರೆ, ನಡುರಾತ್ರಿ ಎರಡರಿಂದ ಐದು ಗಂಟೆಯೊಳಗೆ ಅವನ ಕಣ್ಣು ಎಳೆಯುವುದು ಶರೀರಧರ್ಮ. ಹೊರಡುವ ಮೊದಲೇ "ಹಗಲು ಮಲಗಿದ್ದೀಯೇನಪ್ಪ?" ಎಂದು ಕೇಳಿ. ಸಾಧ್ಯವಾದರೆ ಬೆಳಗಿನ ಜಾವ ಐದರ ಮೇಲೆ ಹೊರಡಿ. ಅವನು ಮೇಲಿಂದ ಮೇಲೆ ಆಕಳಿಸಿದರೆ, ಕಿಟಕಿ ಇಳಿಸಿ ಮುಖಕ್ಕೆ ಗಾಳಿ ಹೊಡೆಸಿಕೊಂಡರೆ, ಗಾಡಿ ಗೆರೆ ದಾಟಿ ಆಚೀಚೆ ತೊನೆದರೆ, ಟೀ ಕುಡಿಯುವ ನೆಪದಿಂದ ನಿಲ್ಲಿಸಿ ಅರ್ಧ ಗಂಟೆ ಮಲಗಲು ಹೇಳಿ. ತಡವಾದರೆ ಆಗಲಿ.

ಹಿಂದಿನ ಸೀಟಿನಲ್ಲಿ ಕುಳಿತವರೂ ಬೆಲ್ಟು ಹಾಕಿಕೊಳ್ಳಬೇಕೆಂಬುದು ಕಾನೂನು. ಹಾಕದಿದ್ದರೆ 1000 ರೂಪಾಯಿ ದಂಡವುಂಟು. 2022ರ ಸೆಪ್ಟೆಂಬರ್ 4ರಂದು ದೊಡ್ಡ ಉದ್ಯಮಿ ಸೈರಸ್ ಮಿಸ್ತ್ರಿಯವರು ಅಹಮದಾಬಾದಿನಿಂದ ಮುಂಬಯಿಗೆ ಬರುತ್ತಿದ್ದಾಗ ಕಾರು ಸೇತುವೆಯ ಗೋಡೆಗೆ ಬಡಿಯಿತು. ಬೆಲೆಬಾಳುವ ಕಾರು. ಮುಂದೆ ಕುಳಿತಿದ್ದ ಇಬ್ಬರು ಬದುಕಿದರು. ಬೆಲ್ಟು ಹಾಕದೆ ಹಿಂದೆ ಕುಳಿತಿದ್ದ ಇಬ್ಬರು, ಮಿಸ್ತ್ರಿಯವರೂ ಸೇರಿ, ತೀರಿಕೊಂಡರು. ಬಾಡಿಗೆ ಕಾರುಗಳಲ್ಲಿ ಹಿಂದಿನ ಬೆಲ್ಟುಗಳು ಸೀಟಿನ ಹೊದಿಕೆಯ ಕೆಳಗೆ ಸೇರಿಹೋಗಿರುತ್ತವೆ. ಕೇಳಿ ತೆಗೆಸಿಕೊಳ್ಳಿ, ನಾಚಿಕೆ ಬೇಡ.

ಇದೇ ಸಂದರ್ಭದಲ್ಲಿ ನಮ್ಮದೇ ಒಂದು ತಪ್ಪನ್ನೂ ಹೇಳಿಬಿಡಬೇಕು. ರಾತ್ರಿ ಭತ್ತದ ಹುಲ್ಲೋ ಕಬ್ಬೋ ಹೇರಿಕೊಂಡು ಹಿಂದೆ ಕೆಂಪು ದೀಪವೂ ಇಲ್ಲದೆ, ಹೊಳೆಯುವ ಪಟ್ಟಿಯೂ ಇಲ್ಲದೆ ಹೆದ್ದಾರಿಗೆ ಬರುವ ಟ್ರ್ಯಾಕ್ಟರುಗಳು ನಮ್ಮವೇ. ಆ ಕಾರಿನಲ್ಲಿ ಬರುತ್ತಿರುವುದು ನಮ್ಮ ಮಗಳೇ ಆಗಿರಬಹುದು.

ಹಣ ಮತ್ತು ಸಾಮಾನು

ಫಸಲು ಮಾರಿದ ಹಣವನ್ನು ಚೀಲದಲ್ಲಿ ಕಟ್ಟಿಕೊಂಡು ಒಬ್ಬರೇ ಕಾರು ಹತ್ತಬೇಡಿ; ಬ್ಯಾಂಕಿಗೆ ಹಾಕಿಬನ್ನಿ. ಎಷ್ಟು ಬಂತು, ಎಷ್ಟಕ್ಕೆ ಮಾರಿದಿರಿ ಎಂಬ ಮಾತು ಗಾಡಿಯಲ್ಲಿ ಬೇಡ. ಫೋನಿನಲ್ಲಿ ಮನೆಯವರೊಡನೆಯೂ ಬೇಡ. ಸೀಟು ಹಂಚಿಕೆಯ ಗಾಡಿಯಲ್ಲಿ ಪಕ್ಕದವರು ಪ್ರೀತಿಯಿಂದ ಕೊಟ್ಟ ಬಿಸ್ಕತ್ತು, ಟೀ, ನೀರನ್ನು ಅಷ್ಟೇ ಪ್ರೀತಿಯಿಂದ ಬೇಡವೆನ್ನಿ. ರೊಟ್ಟಿಬುತ್ತಿ, ನೀರಿನ ಬಾಟಲಿ ಮನೆಯಿಂದಲೇ ಇರಲಿ.

ಹಣ ವಾಪಸು ಬರಬೇಕಾದಾಗ ಕಂಪನಿಯ ಫೋನ್ ನಂಬರನ್ನು ಗೂಗಲಿನಲ್ಲಿ ಹುಡುಕುವವರು ಅನೇಕರು. ಅಲ್ಲಿ ಮೋಸಗಾರರು ತಮ್ಮ ನಂಬರುಗಳನ್ನು ಹಾಕಿಟ್ಟಿರುತ್ತಾರೆ. ದೂರನ್ನು ಆ್ಯಪ್‌ನ ಒಳಗಿನಿಂದಲೇ ಕೊಡಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮೋಸವಾಗಿಯೇ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆಪತ್ತು ಬಂದಾಗ

112 ಎಂಬುದು ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಒಂದೇ ನಂಬರ್. ಸ್ಮಾರ್ಟ್‌ಫೋನಿನ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಸಲ ಒತ್ತಿದರೆ, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆಯೂ ಇದೆ. ಎಲ್ಲ ಫೋನುಗಳಲ್ಲಿ ಒಂದೇ ರೀತಿ ಇರುವುದಿಲ್ಲವಾದುದರಿಂದ ನಿಮ್ಮದರಲ್ಲಿ ಹೇಗೆಂಬುದನ್ನು ಮನೆಯಲ್ಲಿರುವಾಗಲೇ ಕೇಳಿಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ, ಅಪಘಾತವಾದರೆ 1033, ಆಂಬುಲೆನ್ಸಿಗೆ 108, ಹೆಂಗಸರ ಸಹಾಯಕ್ಕೆ 181. 2019ರ ಜನವರಿ 1ರಿಂದ ನೋಂದಣಿಯಾದ ಹಳದಿ ಫಲಕದ ಕಾರುಗಳಲ್ಲಿ ಗಾಡಿಯ ಸ್ಥಳ ತಿಳಿಸುವ ಯಂತ್ರವೂ ಕೆಂಪು ತುರ್ತು ಗುಂಡಿಯೂ ಇರಬೇಕೆಂದು ನಿಯಮವಾಗಿದೆ. ಕುಳಿತಾಗ ಅದು ಎಲ್ಲಿದೆಯೆಂದು ಕಣ್ಣಾಡಿಸಿ. ಇದ್ದರೂ ಕೆಲಸ ಮಾಡುತ್ತದೆಂದು ಅದೊಂದನ್ನೇ ನಂಬಬೇಡಿ.

ಮನಸ್ಸಿಗೆ ಭಯ ತೋರಿದಾಗ ಕತ್ತಲಲ್ಲಿ ಇಳಿಯುವುದು ಜಾಣತನವಲ್ಲ. ಟೋಲ್ ಗೇಟು, ಪೆಟ್ರೋಲ್ ಬಂಕು, ದೊಡ್ಡ ಹೋಟೆಲು ಬರುವವರೆಗೆ ಫೋನಿನಲ್ಲಿ ಮಾತನಾಡುತ್ತ ಇರಿ. ಹೆಬ್ಬಾಳು, ಹಿರಿಯೂರಿನ ಹತ್ತಿರದ ಗುಯಿಲಾಳು ಮೊದಲಾದ ಟೋಲ್‌ಗಳಲ್ಲಿ ರಾತ್ರಿಯೆಲ್ಲ ದೀಪವೂ ಜನರೂ ಇರುತ್ತಾರೆ. ಅಲ್ಲಿ ನಿಲ್ಲಿಸಲು ಹೇಳಿ ಇಳಿದು, ಅಲ್ಲಿಂದಲೇ 112ಕ್ಕೆ ಕರೆ ಮಾಡಿ.

ಬೆಂಗಳೂರಿನಿಂದ ಬರುವವರಿಗೆ ಇನ್ನೊಂದು ವಿಷಯ. ಸೀಟು ಹಂಚಿಕೆಯ ಗಾಡಿಯವರು ಊರೊಳಗೆ ಬರಲು ತಡವಾಗುತ್ತದೆಂದು ಬೈಪಾಸಿನ ಸೇತುವೆಯ ಬಳಿಯೇ ಇಳಿಸಿ ಹೋಗುತ್ತಾರೆ. ಹಗಲಾದರೆ ಚಿಂತೆಯಿಲ್ಲ. ಮಲೇಬೆನ್ನೂರು, ಭಾನುವಳ್ಳಿ, ಕೊಂಡಜ್ಜಿ ಕಡೆಯವರು ರಾತ್ರಿ ಹನ್ನೊಂದಕ್ಕೆ ಅಲ್ಲಿ ಇಳಿದರೆ ಮುಂದಿನ ಹತ್ತಾರು ಕಿಲೋಮೀಟರಿಗೆ ಮತ್ತೆ ಯಾವುದೋ ಅಪರಿಚಿತ ಗಾಡಿಗೆ ಕೈ ತೋರಿಸಬೇಕಾಗುತ್ತದೆ. ಬುಕ್ ಮಾಡುವಾಗಲೇ ಹರಿಹರದ ಬಸ್ ನಿಲ್ದಾಣದವರೆಗೆ ಬಿಡಬೇಕೆಂದು ಒಪ್ಪಿಸಿಕೊಳ್ಳಿ. ಮನೆಯಿಂದ ಬೈಕಿನಲ್ಲಿ ಕರೆತರಲು ಬರುವವರು ಅರ್ಧ ಗಂಟೆ ಮೊದಲೇ ಬಂದು ನಿಲ್ದಾಣದ ದೀಪದ ಕೆಳಗೆ ನಿಂತಿರಲಿ. ಬರುವವರಿಗೆ ಇನ್ನೊಂದು ಹೆಲ್ಮೆಟ್ಟನ್ನೂ ತಂದಿರಲಿ.